ಗ್ರೀನ್ಸ್‌ಬರೋದ ಆ ಲಂಚ್ ಕೌಂಟರ್ ನೋಡ್ಕೊಂಡು ಬಂದೆ

ಅಮೆರಿಕದ ನಾರ್ತ್ ಕ್ಯಾರೊಲಿನಾ ಕಡೆ ಹೋಗೋರು ಗ್ರೀನ್ಸ್‌ಬರೋ ಡೌನ್‌ಟೌನಲ್ಲಿರೋ ಇಂಟರ್‌ನ್ಯಾಷನಲ್ ಸಿವಿಲ್ ರೈಟ್ಸ್ ಸೆಂಟರ್ ಅಂಡ್ ಮ್ಯೂಸಿಯಂಗೆ ಅಂತ ಅರ್ಧ ದಿನ ಎತ್ತಿಟ್ಕೊಳ್ಳಿ. ಹೊರಗಿಂದ ಹಳೇ ಅಂಗಡಿ ತರಾನೇ ಕಾಣ್ಸುತ್ತೆ, ಯಾಕಂದ್ರೆ ಅದು ಅಂಗಡೀನೇ ಆಗಿತ್ತು, ವುಲ್‌ವರ್ತ್ ಅಂತ, ಐದು ಸೆಂಟು ಹತ್ತು ಸೆಂಟಿನ ಸಾಮಾನು ಮಾರ್ಕೊಂಡು ದೇಶ ತುಂಬಾ ಹಬ್ಬಿದ್ದ ಕಂಪನಿ. ಈ ಅಂಗಡಿ 1993ರಲ್ಲಿ ಮುಚ್ತು, 2010ರ ಫೆಬ್ರವರಿ 1ಕ್ಕೆ ಮ್ಯೂಸಿಯಂ ಆಯ್ತು.

ಆ ತಾರೀಕು ಬೇಕಂತಲೇ ಇಟ್ಟಿದ್ದು. ಸರಿಯಾಗಿ ಐವತ್ತು ವರ್ಷ ಹಿಂದೆ, 1960ರ ಫೆಬ್ರವರಿ 1ರಂದು, ಅದೇ ಊರಿನ ಎ ಅಂಡ್ ಟಿ ಕಾಲೇಜಿನ ನಾಲ್ಕು ಜನ ಫಸ್ಟ್ ಇಯರ್ ಕಪ್ಪು ಹುಡುಗ್ರು ಇಲ್ಲಿ ಟೂತ್‌ಪೇಸ್ಟು ಅದೂ ಇದೂ ತಗೊಂಡು ದುಡ್ಡು ಕೊಟ್ಟು ರಸೀದಿ ಇಟ್ಕೊಂಡು, ಆಮೇಲೆ ಅದೇ ಅಂಗಡಿಯ ಲಂಚ್ ಕೌಂಟರಲ್ಲಿ, ಅಂದ್ರೆ ಸ್ಟೂಲ್ ಮೇಲೆ ಕೂತು ತಿನ್ನೋ ಜಾಗದಲ್ಲಿ, ಕೂತು ಕಾಫಿ ಕೇಳಿದ್ರು. ಅಲ್ಲಿ ಕೂತು ತಿನ್ನೋದು ಬಿಳಿಯರಿಗೆ ಮಾತ್ರ ಅಂತ ಕೊಡಲಿಲ್ಲ. ಇವರೂ ಏಳಲಿಲ್ಲ, ಬಾಗಿಲು ಹಾಕೋವರೆಗೂ ಕೂತಿದ್ರು. ಆ ಕೌಂಟರಲ್ಲಿ ನಮ್ಮ ದುಡ್ಡು ನಡೆಯುತ್ತೆ ಅಂದ್ರೆ ಈ ಕೌಂಟರಲ್ಲಿ ಯಾಕೆ ನಡೆಯಲ್ಲ, ಅಷ್ಟೇ ವಾದ. ರಸೀದಿ ಇಟ್ಕೊಂಡಿದ್ದು ನೋಡಿ, ಎಂಥಾ ತಲೆ ಆ ಹುಡುಗ್ರದ್ದು!

ಆ ಕೌಂಟರು, ಸ್ಟೂಲುಗಳು ಇದ್ದ ಜಾಗದಲ್ಲೇ ಇವೆ. ಒಂದು ತುಂಡು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂಗೆ ಹೋಗಿದೆ. ನಾನು ಯಾವ್ದೋ ಮೂಲೇಲಿ ನಾಲ್ಕು ಸ್ಟೂಲು ಇರುತ್ತೆ ಅಂದ್ಕೊಂಡಿದ್ದೆ, ನೋಡಿದ್ರೆ ಉದ್ದಕ್ಕೆ ಹೋಗಿ ಎಲ್ ಆಕಾರಕ್ಕೆ ತಿರುಗುತ್ತೆ, ಅಷ್ಟು ಜಾಗ ಖಾಲಿ ಬಿಟ್ಕೊಂಡ್ರೂ ಪರವಾಗಿಲ್ಲ, ಇವರಿಗೆ ಮಾತ್ರ ಕಾಫಿ ಕೊಡಲ್ಲ ಅಂದಿದ್ದಾರಲ್ಲ ಅಂತ ಅಲ್ಲೇ ನಿಂತ್ಬಿಟ್ಟೆ.

ನನಗೆ ಹಿಡಿಸಿದ್ದು ದುಡ್ಡಿನ ಕಥೆ. ಮುಂದಿನ ದಿನಗಳಲ್ಲಿ ಇನ್ನೂ ಎಷ್ಟೋ ಜನ ಬಂದು ಕೂತ್ರು, ಅಂಗಡಿಗೆ ಬಹಿಷ್ಕಾರಾನೂ ಹಾಕಿದ್ರು. ಭಾಷಣಕ್ಕೆ ಬಗ್ಗದ ಕಂಪನಿ ವ್ಯಾಪಾರ ಬಿದ್ಮೇಲೆ ಬಗ್ತು. ಅದೇ ವರ್ಷ ಜುಲೈ 25ಕ್ಕೆ ಆ ಕೌಂಟರಲ್ಲಿ ಮೊದಲು ಊಟ ಸಿಕ್ಕಿದ್ದು ಯಾರಿಗೆ ಗೊತ್ತಾ, ಅದೇ ಅಂಗಡೀಲಿ ಕೆಲಸ ಮಾಡ್ತಿದ್ದ ಕಪ್ಪು ನೌಕರರಿಗೆ! ಇಂಥ ಭೇದಭಾವನ ದೇಶಕ್ಕೆಲ್ಲ ನಿಷೇಧ ಮಾಡಿದ ಕಾನೂನು ಬಂದಿದ್ದು 1964ರಲ್ಲಿ, ಅಂದ್ರೆ ಇನ್ನೂ ನಾಲ್ಕು ವರ್ಷ ಆದ್ಮೇಲೆ.

ಎರಡು ಮುಖದ ಕೋಕಾ ಕೋಲಾ ಮೆಷಿನ್ನೂ ಒಂದಿದೆ, ಬಿಳಿಯರಿಗೊಂದು ಕಡೆ ಕಪ್ಪು ಜನಕ್ಕೊಂದು ಕಡೆ, ಮೆಷಿನ್ ಒಂದೇ. ಅದನ್ನ ಮಾತ್ರ ಮಿಸ್ ಮಾಡ್ಬೇಡಿ.

ಗೈಡ್ ಜೊತೆನೇ ಹೋಗಿ. ನಮ್ಮ ಗುಂಪಲ್ಲಿ ಒಬ್ರು ಪೂರ್ತಿ ಹೊತ್ತು ಫೋನಲ್ಲೇ ಇದ್ರು, ಅಂಥೋರಿಂದ ದೂರ ನಿಲ್ಲಿ. ಸಣ್ಣ ಮಕ್ಕಳಿದ್ರೆ ಹಿಂಸೆಯ ಫೋಟೋಗಳಿರೋ ಭಾಗಕ್ಕೆ ಮೊದಲೇ ಹೇಳಿ ಕರ್ಕೊಂಡ್ಹೋಗಿ, ದೊಡ್ಡೋರಿಗೇ ನೋಡೋಕೆ ಕಷ್ಟ ಆಗುತ್ತೆ.