ಒಂದೇ ಏರು, ಮೂರು ಜೀಪು

ಮೂಡಿಗೆರೆ ಕಡೆಯ ನಮ್ಮ ತೋಟದ ಗೋದಾಮಿನ ಹಿಂದೆ ಅಪ್ಪನ ಸಿಜೆ-3ಬಿ ಜೀಪು ಹನ್ನೊಂದು ಮಳೆಗಾಲ ನಿಂತೇ ಇತ್ತು. ಏರ್ ಕ್ಲೀನರ್‌ನಲ್ಲಿ ಇಲಿ ಮರಿ ಹಾಕಿತ್ತು, ಚಾಲಕನ ಕಾಲಡಿಯ ತಗಡು ಹಪ್ಪಳದಂತೆ ಮುರಿದು ಬಂತು. ಹ್ಯಾಂಡ್‌ಪೋಸ್ಟ್‌ನಿಂದ ಬಂದ ಮೆಕ್ಯಾನಿಕ್ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ, ಸದ್ದಿಗೆ ಕಿವಿಕೊಟ್ಟು, "ಗೌಡರೇ, ಎಲುಬು ಗಟ್ಟಿ ಇದೆ, ಮೈ ಹೋಗಿದೆ. ಪೆಟ್ರೋಲ್ ಎಂಜಿನ್ ಕಿತ್ತುಹಾಕಿ ಡೀಸೆಲ್ ಕೂರಿಸಿಬಿಡಿ" ಎಂದರು. ಮಲೆನಾಡಿನಲ್ಲಿ ಹಳೆಯ ಜೀಪು ಇಟ್ಟುಕೊಂಡವರೆಲ್ಲ ಒಮ್ಮೆಯಾದರೂ ಕೇಳಿರುವ ಮಾತು ಇದು. ನನಗೆ ನಡೆಸಿ ನೋಡದೆ ಒಪ್ಪುವ ಅಭ್ಯಾಸವಿಲ್ಲ. ಮೂಲ ಎಂಜಿನ್ನನ್ನೇ ಬಿಚ್ಚಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿದೆ. ಆಮೇಲೆ ಸಕಲೇಶಪುರದಲ್ಲಿರುವ ಭಾವನವರ ಪ್ಯೂಜೋ ಡೀಸೆಲ್ ಜೀಪನ್ನೂ, ನೆರೆಯ ತೋಟದವರ ಮಹೀಂದ್ರ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಎಂಜಿನ್ನಿನ ಜೀಪನ್ನೂ ವಾರವಾರ ಕೇಳಿ ತಂದೆ.

ಪರೀಕ್ಷೆಯ ಜಾಗ ಒಂದೇ: ಹಳ್ಳ ದಾಟಿ ಮೇಲಿನ ತೋಟಕ್ಕೆ ಹತ್ತುವ ಏರು. ಜುಲೈ ತಿಂಗಳು, ಕೆಮ್ಮಣ್ಣಿನ ಕೆಸರು, ಹಿಂದೆ 50 ಕೆಜಿಯ ಎಂಟು ಗೊಬ್ಬರದ ಮೂಟೆ.

ಭಾವನವರ ಜೀಪು ನನ್ನನ್ನು ಬೆಚ್ಚಿಬೀಳಿಸಿತು. ಟಾರ್ ರಸ್ತೆಯಲ್ಲಿ ಮೂರರಲ್ಲೂ ಚುರುಕಾದದ್ದು ಅದೇ, ಕೊಟ್ಟಿಗೆಹಾರದವರೆಗೆ ಹಾಯಾಗಿ ಓಡಿತ್ತು. ಏರಿನ ಅರ್ಧದಲ್ಲಿ ಮಾತ್ರ ಉಸಿರು ಕಟ್ಟಿತು. ಸುತ್ತು ಇಳಿದರೆ ಎಳೆತ ಬಿಡುತ್ತದೆ, ಏರಿಸಿದರೆ ಚಕ್ರ ಜಾರುತ್ತದೆ. ಕಾರಣ ಅಳತೆಯಲ್ಲೇ ಇದೆ. ಆ 2112 ಸಿಸಿ ಎಂಜಿನ್ನಿನ ಸಿಲಿಂಡರ್ ಅಗಲ 90 ಮಿ.ಮೀ., ಪಿಸ್ಟನ್ ಓಡಾಡುವ ಉದ್ದ 83 ಮಾತ್ರ. ಕಾರಿಗೆಂದು ಹುಟ್ಟಿದ ರೂಪ ಅದು, ತಿರುಗಿದಷ್ಟೂ ಖುಷಿ. ಡಿಸೆಂಬರ್ ಬೆಳಗ್ಗೆ ಎಂಜಿನ್ ಹೊತ್ತಿಸಲು ಹೀಟರ್ ಪ್ಲಗ್ ಬಿಸಿಯಾಗುವವರೆಗೆ ಕೈಕಟ್ಟಿ ಕೂರುವುದು ಬೇರೆ.

ಡಿಐ ತದ್ವಿರುದ್ಧ. ಅಗಲ 88.9 ಮಿ.ಮೀ., ಓಟ 101.6, ಒಟ್ಟು 2523 ಸಿಸಿ. ಓಟ ಉದ್ದವಿದ್ದರೆ ಸಾಮಾನ್ಯವಾಗಿ ಕಡಿಮೆ ಸುತ್ತಿನಲ್ಲೇ ಎಳೆತ ಸಿಗುತ್ತದೆ. ಲೋ ಗೇರಿಗೆ ಹಾಕಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಹೊರೆ ಹೊತ್ತ ಎತ್ತಿನಂತೆ ಒಂದೇ ಸಮನೆ ಹತ್ತಿತು. ಡೀಸೆಲ್ಲೂ ಕಡಿಮೆ ಕುಡಿಯಿತು. ಆದರೆ ಆ ನಡುಕ! ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಲಿಲ್ಲ, ಕೆಸರಿನ ಬಣ್ಣವಷ್ಟೇ ಕಂಡಿತು. ಮುಂದಿನ ಭಾರಕ್ಕೆ ಸ್ಪ್ರಿಂಗಿಗೆ ಒಂದು ಪ್ಲೇಟ್ ಹೆಚ್ಚಿಗೆ ಸೇರಿಸಿದ್ದರು, ಸ್ಟೀರಿಂಗ್ ತಿರುಗಿಸಲು ಭುಜ ಬೇಕಿತ್ತು. ಪವರ್ ಸ್ಟೀರಿಂಗ್ ಬೇಕೇಬೇಕು ಎನ್ನುವವರ ಮಾತು ಅಂಥ ಜೀಪಿಗೆ ಸರಿ.

ಇನ್ನು ಅಪ್ಪನ ಪೆಟ್ರೋಲ್. ಅದು ಸೋಲುತ್ತದೆ ಎಂದೇ ನಾನೂ ಅಂದುಕೊಂಡಿದ್ದೆ. ಅಳೆದು ನೋಡಿದರೆ ಹರಿಕೇನ್ ಎಂಜಿನ್ನಿನ ಸಿಲಿಂಡರ್ 79.4 ಮಿ.ಮೀ. ಅಗಲ, ಓಟ 111.1. ಮೂರರಲ್ಲಿ ಅತಿ ಉದ್ದದ ಹೆಜ್ಜೆ ಇದರದೇ! ಡಿಐನಷ್ಟು ಮೊಂಡು ಬಲವಿಲ್ಲ ನಿಜ, ಆದರೂ ಎಂಟು ಮೂಟೆಯೊಂದಿಗೆ ಒಮ್ಮೆಯೂ ನಿಲ್ಲದೆ ಹತ್ತಿತು. ಇಳಿಯುವಾಗಲಂತೂ ಇದೇ ಮೇಲು. ಕಾಲು ತೆಗೆದೊಡನೆ ಗಾಳಿಯ ಬಾಗಿಲಾದ ಥ್ರಾಟಲ್ ಮುಚ್ಚಿ ಎಂಜಿನ್ ಗಾಳಿಗಾಗಿ ಹೆಣಗುತ್ತದೆ, ಜೀಪನ್ನು ಹಿಂದಕ್ಕೆ ಹಿಡಿಯುತ್ತದೆ. ಹಳೆಯ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಆ ಬಾಗಿಲೇ ಇಲ್ಲ. ದುಃಖ ಬಂಕಿನಲ್ಲಿ. ಲೀಟರಿಗೆ ಆರು ಕಿಲೋಮೀಟರ್ ಕೊಟ್ಟ ದಿನ ಹಬ್ಬ.

ಕಾಗದಪತ್ರದ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ ಕಲಂ 52 ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಅಡ್ಡ ನಿಲ್ಲುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಪೆಟ್ರೋಲ್ ಎಂದು ನೋಂದಣಿಯಾದ ಜೀಪಿಗೆ ಡೀಸೆಲ್ ಕೂರಿಸುವವರು ಗ್ಯಾರೇಜಿಗಿಂತ ಮೊದಲು ಆರ್‌ಟಿಒ ಮೆಟ್ಟಿಲು ಹತ್ತಬೇಕು. ನನಗೆ ಆ ಸಹನೆ ಇರಲಿಲ್ಲ.

ಡೀಸೆಲ್ ಎಂಜಿನ್ನಿಗೆ ಇಟ್ಟಿದ್ದ ಹಣವೆಲ್ಲ ಬ್ರೇಕಿಗೆ ಹೋಯಿತು. ಅದಕ್ಕೆ ಕಾರಣ ಮೊದಲ ವರ್ಷದ ಒಂದು ಸಂಜೆ. ಹಳ್ಳಕ್ಕೆ ಇಳಿಯುತ್ತಿದ್ದಾಗ ಪೆಡಲ್ ನೆಲಕ್ಕೆ ಹೋಗಿ ಮಲಗಿತು. ಹಳೆಯ ವ್ಯವಸ್ಥೆಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಎಣ್ಣೆಯ ದಾರಿ. ಹಿಂದಿನ ಎಡಗಡೆ ಒಂದು ರಬ್ಬರ್ ಹರಿದರೆ ನಾಲ್ಕೂ ಹೋದವು. ಜೀಪನ್ನು ದರೆಗೆ ಒರಗಿಸಿ ನಿಲ್ಲಿಸಿದೆ, ಮಡ್‌ಗಾರ್ಡಿನ ಆ ತಗ್ಗು ಈಗಲೂ ಇದೆ. ಬ್ರೇಕ್ ಎಣ್ಣೆಯನ್ನು ಒತ್ತುವ ಹೊಸ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಪ್ರತ್ಯೇಕ ದಾರಿಗಳಿವೆ, ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ. ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕಿಸಿದೆ. ಡ್ರಮ್ ಇದ್ದಾಗ ಹಳ್ಳ ದಾಟಿದ ಮೇಲೆ ಪೆಡಲ್ ಒತ್ತಿಕೊಂಡೇ ಒಂದಷ್ಟು ದೂರ ಉಜ್ಜಿ ಒಣಗಿಸಬೇಕಿತ್ತು. ಡಿಸ್ಕಿನ ನೀರು ಚಕ್ರ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಹಾರಿಹೋಗುತ್ತದೆ. ಡೈನಮೋ ಜಾಗಕ್ಕೆ ಆಲ್ಟರ್ನೇಟರ್ ಬಂದ ಮೇಲೆ ವೈಪರ್ ಹಾಕಿದರೆ ದೀಪ ಮಂಕಾಗುವುದೂ ನಿಂತಿತು.

ದಿನವೂ ಗೊಬ್ಬರ, ಮೆಣಸು, ಕೂಲಿಯಾಳುಗಳನ್ನು ಸಾಗಿಸುವವರಿಗೆ ಡಿಐ ಸರಿ, ಕಾಗದ ಸರಿಯಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಪ್ಯೂಜೋ ಟಾರ್ ರಸ್ತೆಯವರಿಗೆ. ಭಾವನವರು ಇದನ್ನು ಒಪ್ಪುವುದಿಲ್ಲ. "ನಿನ್ನ ಜೀಪು ಮಳೆ ಕಂಡರೆ ಕೆಮ್ಮುತ್ತದಲ್ಲ ಮಾರಾಯ" ಎಂದು ಚುಚ್ಚುತ್ತಾರೆ. ಅದು ಸುಳ್ಳಲ್ಲ. ಕಿಡಿ ಹೊತ್ತಿಸುವ ಹಳೆಯ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೂ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳಕ್ಕೆ ಹಳ್ಳದ ನೀರು ಸಿಡಿಯುತ್ತದೆ. ಈಗ ಅದರ ಮೇಲೆ ಒಂದು ರಬ್ಬರ್ ಕೈಗವಸು ತೊಡಿಸಿದ್ದೇನೆ: ತುದಿ ಕತ್ತರಿಸಿದ ನಾಲ್ಕು ಬೆರಳಿನಿಂದ ನಾಲ್ಕು ಪ್ಲಗ್ ವೈರ್, ಹೆಬ್ಬೆರಳಿನಿಂದ ಕಾಯಿಲ್ ವೈರ್ ಹೊರಬರುತ್ತವೆ. ಬಾನೆಟ್ ಎತ್ತಿದವರೆಲ್ಲ ಒಮ್ಮೆ ಹಿಂದೆ ಸರಿಯುತ್ತಾರೆ.