ಬೇಕಲದ ಅಲೆಗೆ ಯಾವ ಎನ್‌ಡಿ ಫಿಲ್ಟರ್?

ಹಿಂದೆ ಸರಿಯುವ ಅಲೆ ಚಿತ್ರದಲ್ಲಿ ಬಿಳಿ ಗೆರೆಗಳಾಗಿ ಬೀಳಬೇಕೆಂದರೆ ಆರು ಸ್ಟಾಪಿನ (ಬೆಳಕನ್ನು ಆರು ಸಲ ಅರ್ಧರ್ಧ ಮಾಡುವ) ಫಿಕ್ಸೆಡ್ ಎನ್‌ಡಿ, ಅಂದರೆ ಎನ್‌ಡಿ 64 ಕೊಳ್ಳಿ. ಎನ್‌ಡಿ ಎಂದರೆ ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಕಪ್ಪು ಗಾಜು. ಕಾಸರಗೋಡಿನ ಕಡಲದಂಡೆಯ ಬೇಕಲ ಕೋಟೆಯ ಬುಡದಲ್ಲಿ ಇದನ್ನೂ, ತಿರುಗಿಸಿ ಕಪ್ಪು ಹೆಚ್ಚು ಕಡಿಮೆ ಮಾಡುವ ವೇರಿಯೇಬಲ್ ಎನ್‌ಡಿಯನ್ನೂ, ಹತ್ತು ಸ್ಟಾಪಿನ ಎನ್‌ಡಿ 1000ವನ್ನೂ ಹಾಕಿ ನೋಡಿಯೇ ಹೇಳುತ್ತಿದ್ದೇನೆ.

ವೇರಿಯೇಬಲ್‌ನೊಳಗೆ ಇರುವುದು ಎರಡು ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಗಾಜು. ಒಂದಕ್ಕೊಂದು ಅಡ್ಡವಾಗುತ್ತ ಬಂದ ಹಾಗೆ ಬೆಳಕು ತಗ್ಗುತ್ತದೆ. ಅಂಚಿನಲ್ಲಿ ಓರೆಯಾಗಿ ನುಗ್ಗುವ ಕಿರಣಕ್ಕೆ ಈ ಲೆಕ್ಕ ಕೂಡಿಬರುವುದಿಲ್ಲ. ಹಾಗಾಗಿ 16–20 ಎಂಎಂನ ಅಗಲ ಲೆನ್ಸಿನಲ್ಲಿ ಕೊನೆಯ ಗುರುತಿನ ಹತ್ತಿರ ತಿರುಗಿಸಿದರೆ ಆಕಾಶದ ಮೇಲೆ ಕತ್ತರಿಯಾಕಾರದ ಕಪ್ಪು ಬೀಳುತ್ತದೆ. ಎಡಿಟಿಂಗಿನಲ್ಲಿ ಅದನ್ನು ಅಳಿಸುವುದು ದೊಡ್ಡ ತಲೆನೋವು.

ಅದಕ್ಕಿಂತ ಹೆಚ್ಚಿನ ಕಿರಿಕಿರಿ ಒದ್ದೆ ಹೊಯಿಗೆಯದು. ಅಲೆ ಸರಿದ ಕೂಡಲೇ ಹೊಯಿಗೆ ಕನ್ನಡಿಯಾಗಿ, ಮುರಕಲ್ಲಿನ ಬುರುಜೂ ಕೆಂಪು ಆಕಾಶವೂ ಅದರಲ್ಲಿ ಮೂಡುತ್ತವೆ. ಚಿತ್ರದ ಜೀವವೇ ಅಲ್ಲಿದೆ. ಮುಂದಿನ ಪೋಲರೈಸರ್ ತಿರುಗಿದಂತೆ ಈ ಹೊಳಪು ಬರುತ್ತದೆ, ಹೋಗುತ್ತದೆ. ಹೊಳಪಿಗೆಂದು ತಿರುಗಿಸಿದರೆ ಎಕ್ಸ್‌ಪೋಶರ್ ಕೆಡುತ್ತದೆ, ಎಕ್ಸ್‌ಪೋಶರ್ ಸರಿಮಾಡಿದರೆ ಹೊಯಿಗೆ ಸಪ್ಪೆಯಾಗುತ್ತದೆ. ಎರಡಕ್ಕೂ ಇರುವುದು ಒಂದೇ ರಿಂಗ್. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ ಇಳಿಸಿ ಸುಧಾರಿಸಬಹುದು, ಆದರೆ ಸಂಜೆಬೆಳಕು ಅಷ್ಟು ಹೊತ್ತು ಕಾಯುವುದಿಲ್ಲ.

ಎನ್‌ಡಿ 1000 ಹಾಕಿದರೆ ಶಟರ್ ತೆರೆದಿರುವ ಹೊತ್ತು ಫಿಲ್ಟರಿಲ್ಲದಾಗಿನ 1/60 ಸೆಕೆಂಡು ಹೋಗಿ ಸುಮಾರು 16 ಸೆಕೆಂಡಾಗುತ್ತದೆ. ನೀರೆಲ್ಲ ಮಂಜು, ಗೆರೆ ಒಂದೂ ಉಳಿಯದು.

ಎನ್‌ಡಿ 64ರಲ್ಲಿ ಅದೇ 1/60 ಸುಮಾರು ಒಂದು ಸೆಕೆಂಡಿಗೆ ಬರುತ್ತದೆ. ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್/11. ಗೆರೆಗಳಿಗೆ ಕಾಲು ಸೆಕೆಂಡಿನಿಂದ ಒಂದು ಸೆಕೆಂಡು ಸಾಕು. ಅಲೆ ಏರುವಾಗ ಒತ್ತಬೇಡಿ, ನೊರೆ ಇಳಿಯತೊಡಗಿದಾಗ ಒತ್ತಿ. ಟೈಮರ್ ಇಟ್ಟರೆ ಆ ಗಳಿಗೆ ತಪ್ಪುತ್ತದೆ, ಕ್ಯಾಮೆರಾ ಮುಟ್ಟದೆ ಒತ್ತುವ ಕೇಬಲ್ ರಿಲೀಸ್ ಬೇಕು. ಪ್ರತಿ ಅಲೆಯೂ ಟ್ರೈಪಾಡಿನ ಕಾಲಡಿಯ ಹೊಯಿಗೆಯನ್ನು ತೋಡಿಕೊಂಡು ಹೋಗುತ್ತದೆ. ಕಾಲುಗಳನ್ನು ಗೇಣುದ್ದ ಒತ್ತಿ ಊರಿ. ಇಲ್ಲವಾದರೆ ಅಲೆಯ ಜೊತೆ ಕೋಟೆಯೂ ಮಸುಕಾಗುತ್ತದೆ, ಕೋಟೆ ಗಟ್ಟಿಯಾಗಿ ನಿಂತರೆ ತಾನೆ ನೀರು ಓಡುವುದು ಕಾಣುವುದು! ಗಾಜಿನ ಮೇಲಿನ ಉಪ್ಪುಹನಿಯನ್ನು ಬೈರಾಸಿನಲ್ಲಿ ಒಣಗಿದ್ದ ಹಾಗೆಯೇ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಸಿಹಿನೀರು ಹನಿಸಿ.



ವಿಡಿಯೊ ಮಾಡುವವರಿಗೆ ವೇರಿಯೇಬಲ್ ಸರಿ. ನನ್ನದು ಬರೀ ಸ್ಟಿಲ್, ಅದೂ ಅಗಲ ಲೆನ್ಸಿನಲ್ಲಿ. ಇರುವ ಲೆನ್ಸುಗಳಲ್ಲಿ ದೊಡ್ಡದರ ಬಾಯಿಯ ಅಳತೆಗೆ, 77 ಎಂಎಂ ಇದ್ದರೆ 77ಕ್ಕೇ, ಒಂದು ಎನ್‌ಡಿ 64 ಕೊಂಡು ಸಣ್ಣವಕ್ಕೆ ಅದೇ ಫಿಲ್ಟರನ್ನು ಕೂರಿಸುವ ಸ್ಟೆಪ್-ಅಪ್ ರಿಂಗ್ ಹಾಕಿದರೆ ಎರಡನೇ ಫಿಲ್ಟರಿನ ದುಡ್ಡು ಉಳಿಯಿತು.