ಹಾಸನದ ಎರಡು ದಿನದ ನಾಯಕತ್ವ ತರಬೇತಿ: ಖಾಸಗಿಯವರಿಗೆ ಪೂರ್ತಿ ಉಪಯೋಗ, ಸರ್ಕಾರಿ ಅಧಿಕಾರಿಗಳಿಗೆ ಅರ್ಧ

ಬಿ.ಎಂ. ರಸ್ತೆಯ ಹೋಟೆಲ್ ಸಭಾಂಗಣದಲ್ಲಿ ಕಾರ್ಖಾನೆ ಮ್ಯಾನೇಜರ್‌ಗಳಿಗೂ ತಾಲ್ಲೂಕು ಅಧಿಕಾರಿಗಳಿಗೂ ಒಂದೇ ಬ್ಯಾಚ್. ಫೀಡ್‌ಬ್ಯಾಕ್ ಕೊಡುವ ಅಭ್ಯಾಸ ನಿಜಕ್ಕೂ ಚೆನ್ನಾಗಿದೆ: ಮೂವರ ಗುಂಪಿನಲ್ಲಿ ಒಬ್ಬರು ಹೇಳುತ್ತಾರೆ, ಒಬ್ಬರು ಕೇಳುತ್ತಾರೆ, ಮೂರನೆಯವರು ಬರೆದುಕೊಳ್ಳುತ್ತಾರೆ.

ತರಬೇತಿ ಎಡವುವುದು ನಿರ್ಧಾರ ತೆಗೆದುಕೊಳ್ಳುವ ಪಾಠದಲ್ಲಿ. ‘ಮೂರು ಕೊಟೇಶನ್ ನೋಡಿ, ಒಳ್ಳೆಯದನ್ನು ಆರಿಸಿ’ ಅನ್ನುವುದು ಕಂಪನಿಗೆ ಸಾಕು. ಅಧಿಕಾರಿಗೆ ಸರ್ಕಾರಿ ಖರೀದಿಯ ಕಾನೂನಾದ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆಯಿದೆ. ಖರೀದಿಯ ಮೊತ್ತ ಮಿತಿ ಮೀರಿದರೆ ಟೆಂಡರ್, ಕಡತದ ಟಿಪ್ಪಣಿ, ಆಮೇಲೆ ಆಡಿಟ್. ಆರಿಸಿದ ಕಾರಣವನ್ನು ಟಿಪ್ಪಣಿಯಲ್ಲೇ ಬರೆಯದಿದ್ದರೆ ಆಡಿಟ್ ಆಕ್ಷೇಪಣೆ ಬಂದಾಗ ಉತ್ತರಿಸುವುದು ಕಷ್ಟ, ಅಷ್ಟರಲ್ಲಿ ವರ್ಗಾವಣೆಯೂ ಆಗಿರಬಹುದು. ತರಬೇತಿಯಲ್ಲಿ ಒಂದು ಮಾದರಿ ಕಡತ ಕೈಗೆ ಕೊಟ್ಟು ಟಿಪ್ಪಣಿ ಬರೆಸಲೇಬೇಕು. ಸದ್ಯಕ್ಕೆ ಆ ಭಾಗವನ್ನು ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲೇ ಕಲಿಯುವುದು ಮೇಲು.

ಊಟ, ಪಾರ್ಕಿಂಗ್ ಪರವಾಗಿಲ್ಲ.